ಸಂಘರ್ಷ ಮುಗಿದ ಊರಲ್ಲಿ ಮತ್ತೆ ವ್ಯಾಪಾರ: ಶಾಂತಿ ಗಟ್ಟಿಯಾಗುವಂತೆ ಅಂಗಡಿ, ಕಾರ್ಖಾನೆ, ವರ್ತಕರ ಸಂಘ ನಡೆಸಲು ಸಮಗ್ರ ಮಾರ್ಗದರ್ಶಿ

ಗುಂಡಿನ ಸದ್ದು ನಿಂತ ಮೇಲೆ ಊರಿಗೆ ಮೊದಲು ಮರಳುವವರಲ್ಲಿ ವ್ಯಾಪಾರಿಗಳಿರುತ್ತಾರೆ. ಕಚೇರಿ, ಕೋರ್ಟು, ಬ್ಯಾಂಕು ತೆರೆಯಲು ತಿಂಗಳುಗಳೇ ಹಿಡಿಯಬಹುದು. ಅಷ್ಟರೊಳಗೆ ಉಪ್ಪು, ಸೋಪು, ಸೀಮೆಎಣ್ಣೆ ಇಟ್ಟುಕೊಂಡು ಯಾರಾದರೊಬ್ಬರು ಅರ್ಧ ಬಾಗಿಲು ತೆಗೆದಿರುತ್ತಾರೆ. ಆ ಅಂಗಡಿಯ ಮೆಟ್ಟಿಲು ಹತ್ತಲು ಎರಡೂ ಕಡೆಯವರಿಗೆ ಧೈರ್ಯ ಬಂದರೆ ಊರು ಒಂದು ದಾರಿ ಹಿಡಿಯುತ್ತದೆ, ಬಾರದಿದ್ದರೆ ಇನ್ನೊಂದು.

ವ್ಯಾಪಾರ ನಡೆದರೆ ಸಾಕು, ಶಾಂತಿ ತಾನಾಗಿ ಬರುತ್ತದೆ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಬೋಸ್ನಿಯಾದ ಬ್ರ್ಚ್ಕೊ ಪಟ್ಟಣದ ಹತ್ತಿರ 1996ರಲ್ಲಿ ಶಾಂತಿಪಡೆಯ ಕಾವಲಿನಲ್ಲಿ ಅರಿಜೋನಾ ಮಾರುಕಟ್ಟೆ ಹುಟ್ಟಿಕೊಂಡಿತು. ಹಿಂದಿನ ವರ್ಷದವರೆಗೂ ಕಾದಾಡಿದ್ದ ಬೋಸ್ನಿಯಾಕ್, ಸರ್ಬ್, ಕ್ರೊಯೇಟ್ ಜನ ಅಲ್ಲಿ ಪರಸ್ಪರ ಚೌಕಾಸಿ ಮಾಡಿ ಸಾಮಾನು ಕೊಂಡರು. ಅದೇ ಮಾರುಕಟ್ಟೆ ಕಳ್ಳಸಾಗಣೆಗೂ ಹೆಣ್ಣುಮಕ್ಕಳ ಮಾರಾಟಕ್ಕೂ ಕುಖ್ಯಾತವಾಯಿತು. ಲೈಸೆನ್ಸು, ತೆರಿಗೆ, ಕಾವಲು ಇವೆಲ್ಲ ಬಹಳ ತಡವಾಗಿ ಬಂದವು. ಎರಡೂ ನಿಜ, ಎರಡೂ ಒಂದೇ ಜಾಗದಲ್ಲಿ ನಡೆದವು.

ಹಾಗಾಗಿ ಈ ಮಾರ್ಗದರ್ಶಿ ಒಂದೇ ಪ್ರಶ್ನೆಯ ಸುತ್ತ ಇದೆ: ನಿಮ್ಮ ಗಲ್ಲಾಪೆಟ್ಟಿಗೆಯ ಹಣ ಯಾರಿಗೆ ತಲುಪುತ್ತದೆ, ಯಾರಿಗೆ ತಲುಪುವುದೇ ಇಲ್ಲ? ಶಾಂತಿ ಮೆರವಣಿಗೆಗೆ ಬ್ಯಾನರ್ ಕೊಡುವುದು, ಸೌಹಾರ್ದ ಕ್ರಿಕೆಟ್ ಪಂದ್ಯಕ್ಕೆ ಟ್ರೋಫಿ ಕೊಡುವುದು ತಪ್ಪಲ್ಲ. ಆದರೆ ಖರೀದಿ, ನೇಮಕ, ಬಾಡಿಗೆ, ಉದ್ದರಿ ಇವು ಒಂದೇ ಕಡೆ ಹರಿಯುತ್ತಿದ್ದರೆ ಬ್ಯಾನರನ್ನು ಯಾರೂ ನಂಬುವುದಿಲ್ಲ.

1. ಮೊದಲು ನಿಮ್ಮದೇ ಲೆಕ್ಕ ತೆಗೆಯಿರಿ

ಇದಕ್ಕೆ ಒಂದು ವಾರ ಸಾಕು, ಹೊರಗಿನ ಸಲಹೆಗಾರರು ಬೇಕಿಲ್ಲ. ಒಂದು ಹಾಳೆಯಲ್ಲಿ ಐದು ಕಾಲಂ ಹಾಕಿ: ಖರೀದಿ, ಸಂಬಳ, ಬಾಡಿಗೆ, ಸಾಗಣೆ, ಕಾವಲು. ಪ್ರತಿಯೊಂದಕ್ಕೂ ಸಂಘರ್ಷದ ಹಿಂದಿನ ವರ್ಷ ಎಷ್ಟು ಹಣ ಯಾವ ಕಡೆಯವರಿಗೆ ಹೋಗುತ್ತಿತ್ತು, ಈಗ ಎಷ್ಟು ಹೋಗುತ್ತಿದೆ ಎಂದು ಬರೆಯಿರಿ. ಹಳೆಯ ಪುಸ್ತಕ ಸುಟ್ಟುಹೋಗಿದ್ದರೆ ನೆನಪಿನಿಂದ ಅಂದಾಜು ಹಾಕಿ. ನೂರರಲ್ಲಿ ಇಷ್ಟು ಎಂಬ ಲೆಕ್ಕ ಸಾಕು.

ಉದಾಹರಣೆಗೆ, ಒಬ್ಬ ಸಗಟು ವ್ಯಾಪಾರಿ ಮೊದಲು ನೂರಕ್ಕೆ 35 ಭಾಗ ಸರಕನ್ನು ಆ ಕಡೆಯ ರೈತರಿಂದ ಕೊಳ್ಳುತ್ತಿದ್ದರು, ಈಗ ಅದು 4ಕ್ಕೆ ಇಳಿದಿದೆ ಎಂದುಕೊಳ್ಳಿ. ಏಕೆ ಇಳಿಯಿತು ಎನ್ನುವುದನ್ನು ಬಿಡಿಸಿ ನೋಡಬೇಕು. ರಸ್ತೆ ಮುಚ್ಚಿದೆಯೇ? ದಲ್ಲಾಳಿ ಊರು ಬಿಟ್ಟರೇ? ನಿಮ್ಮ ಹಮಾಲರು ಅವರ ಮೂಟೆ ಇಳಿಸಲು ಒಪ್ಪುತ್ತಿಲ್ಲವೇ? ಇಲ್ಲಾ, ನಿಮ್ಮ ಗಿರಾಕಿಗಳು ಏನೆಂದಾರೋ ಎಂಬ ಅಂಜಿಕೆಯೇ? ನಾಲ್ಕಕ್ಕೂ ಮದ್ದು ಬೇರೆ ಬೇರೆ. ಕಾರಣ ತಿಳಿಯದೆ ‘ಇನ್ನುಮೇಲೆ ಅವರಿಂದಲೂ ಕೊಳ್ಳುತ್ತೇವೆ’ ಎಂದು ಘೋಷಿಸಿದರೆ ಮೊದಲ ಲಾರಿಯೇ ದಾರಿಯಲ್ಲಿ ನಿಲ್ಲುತ್ತದೆ.

ಕಾವಲಿನ ಕಾಲಂ ಬರೆಯುವಾಗ ಕೈ ತಡೆಯುತ್ತದೆ. ರಾತ್ರಿ ಅಂಗಡಿ ಕಾಯುವವರು ಯಾರ ಜನ, ಅವರಿಗೆ ಕೊಡುವ ಹಣ ಮುಂದೆ ಯಾರಿಗೆ ಹೋಗುತ್ತದೆ ಎಂಬುದನ್ನೂ ಬರೆಯಿರಿ. ಈ ಹಾಳೆಯನ್ನು ಮಾಲೀಕರು ಮತ್ತು ಒಬ್ಬ ನಂಬಿಕಸ್ತರ ಹೊರತು ಬೇರಾರಿಗೂ ತೋರಿಸಬೇಕಿಲ್ಲ. ವಾಟ್ಸ್ಆ್ಯಪ್‌ನಲ್ಲಂತೂ ಕಳಿಸಲೇಬೇಡಿ. ಹೆಸರಿರುವ ಪಟ್ಟಿ ತಪ್ಪು ಕೈಗೆ ಸಿಕ್ಕರೆ ಜೀವಕ್ಕೇ ಕುತ್ತು.

2. ಬಾಗಿಲು ತೆರೆಯುವ ಮುನ್ನ: ನೆಲ ಸುರಕ್ಷಿತವೇ, ಮಳಿಗೆ ಯಾರದ್ದು

ತಿಂಗಳುಗಟ್ಟಲೆ ಮುಚ್ಚಿದ್ದ ಗೋದಾಮಿಗೆ ಬೀಗ ಒಡೆದು ನುಗ್ಗಬೇಡಿ. ಸಿಡಿಯದೆ ಉಳಿದ ಶೆಲ್ಲು, ಬಾಗಿಲಿಗೆ ಕಟ್ಟಿದ ತಂತಿ, ಹಿತ್ತಲಲ್ಲಿ ಹೂತ ನೆಲಬಾಂಬು ಇರಬಹುದು. ನೆಲಬಾಂಬು ತೆರವು ತಂಡ ಕೆಲಸ ಮಾಡುತ್ತಿದ್ದರೆ ಅವರಿಂದ ಆ ಜಾಗದ ಮಾಹಿತಿ ಪಡೆದೇ ಒಳಗೆ ಹೋಗಿ. ಸಾಮಾನ್ಯವಾಗಿ ಕೆಂಪು ಬಳಿದ ಕಲ್ಲು, ಕೆಂಪು ಫಲಕದ ತಲೆಬುರುಡೆ ಚಿತ್ರ ಅಪಾಯದ ಗುರುತು, ಬಿಳಿ ಬಳಿದದ್ದು ತೆರವಾದ ಜಾಗದ ಗುರುತು. ಗುರುತಿಲ್ಲ ಎಂದ ಮಾತ್ರಕ್ಕೆ ಸುರಕ್ಷಿತ ಎಂದಲ್ಲ. ಸ್ಥಳೀಯರು ಬಳಸದೆ ಬಿಟ್ಟ ಕಾಲುದಾರಿ, ಹುಲ್ಲು ಆಳೆತ್ತರ ಬೆಳೆದ ಅಂಗಳ ಕಂಡರೆ ಹಿಂದಿರುಗಿ.

ಮಳಿಗೆಯ ಒಡೆತನ ಇದಕ್ಕಿಂತ ಸೂಕ್ಷ್ಮ. ಊರು ಬಿಟ್ಟು ಓಡಿದವರ ಕಟ್ಟಡಗಳನ್ನು ಬೇರೆಯವರು ಹಿಡಿದುಕೊಂಡು ಕಡಿಮೆ ಬಾಡಿಗೆಗೆ ಕೊಡುವುದು ಬಹುತೇಕ ಎಲ್ಲ ಸಂಘರ್ಷಗಳಲ್ಲೂ ಆಗಿದೆ. ಒಳ್ಳೆಯ ಮೂಲೆಯ ಮಳಿಗೆ ಅಗ್ಗಕ್ಕೆ ಸಿಗುತ್ತಿದೆ ಎಂದರೆ ಮೂರು ವಿಷಯ ವಿಚಾರಿಸಿ: ಸಂಘರ್ಷಕ್ಕೆ ಮೊದಲು ಇಲ್ಲಿ ಯಾರಿದ್ದರು, ಅವರು ಈಗ ಎಲ್ಲಿದ್ದಾರೆ, ಕ್ರಯಪತ್ರಕ್ಕೆ ಸಹಿ ಬಿದ್ದ ತಾರೀಖು ಯಾವುದು. ಗಲಭೆಯ ತಿಂಗಳುಗಳಲ್ಲಿ ಆದ ಮಾರಾಟ ಹೆದರಿಸಿ ಬರೆಸಿಕೊಂಡದ್ದಾಗಿರುವ ಸಾಧ್ಯತೆ ಹೆಚ್ಚು. ನಿಜವಾದ ಮಾಲೀಕರು ಪತ್ತೆಯಾಗದೆ ಬೇರೆ ಜಾಗವೂ ಸಿಗದಿದ್ದರೆ, ಕರಾರನ್ನು 6 ತಿಂಗಳಿಗಷ್ಟೇ ಮಾಡಿಕೊಳ್ಳಿ. ಬಾಡಿಗೆಯನ್ನು ಇಬ್ಬರ ಸಹಿ ಬೇಕಾದ ಪ್ರತ್ಯೇಕ ಖಾತೆಯಲ್ಲಿ ಇಡಿ. ಮಾಲೀಕರು ಮರಳಿದರೆ ಇಷ್ಟು ದಿನದ ನೋಟಿಸಿನಲ್ಲಿ ಬಿಟ್ಟುಕೊಡುತ್ತೇವೆ ಎಂದು ಬರೆದುಕೊಡಿ. ಒಳಗಿರುವ ಹಳೆಯ ಮಾಲೀಕರ ಸಾಮಾನು, ಪುಸ್ತಕ, ಫೋಟೊಗಳನ್ನು ಪಟ್ಟಿ ಮಾಡಿ ಕಟ್ಟಿಡಿ. ಆ ಕುಟುಂಬ ಬಂದ ದಿನ ಮೊದಲು ಕೇಳುವುದು ಇವನ್ನೇ.

3. ಹಳೆಯ ಬಾಕಿ, ಹೊಸ ಉದ್ದರಿ

ಊರಿನ ವ್ಯಾಪಾರ ನಿಂತಿರುವುದು ಉದ್ದರಿಯ ಮೇಲೆ. ಆ ಕಡೆಯವರಿಗೆ ಉದ್ದರಿ ಕೊಡುವುದು ನಿಲ್ಲುವುದೇ ಜಗಳದ ಮೊದಲ ಲಕ್ಷಣ. ಮತ್ತೆ ಶುರುವಾಗುವುದು ನಂಬಿಕೆ ಮರಳಿದ್ದಕ್ಕೆ ಒಳ್ಳೆಯ ಗುರುತು. ಇದನ್ನು ಅವಸರ ಮಾಡಿದರೆ ಕೆಡುತ್ತದೆ, ಬಿಟ್ಟರೆ ಎಂದೂ ಮರಳುವುದಿಲ್ಲ.

ಮೊದಲು ಹಳೆಯ ಬಾಕಿ. ಮನೆ ಸುಟ್ಟವರ ಬಾಗಿಲಿಗೆ ಹೋಗಿ ಬಡ್ಡಿ ಸಮೇತ ಕೇಳುವುದು, ಹಾಗೆಯೇ ಅಂಗಡಿ ಲೂಟಿಯಾದ ವ್ಯಾಪಾರಿಗೆ ‘ಎಲ್ಲ ಮನ್ನಾ ಮಾಡಿ’ ಎಂದು ಒತ್ತಾಯಿಸುವುದು, ಎರಡೂ ಹೊಸ ಗಾಯ ಮಾಡುತ್ತವೆ. ವರ್ತಕರು ಒಟ್ಟಾಗಿ ಎಲ್ಲರಿಗೂ ಒಂದೇ ನಿಯಮ ಮಾಡುವುದು ಉತ್ತಮ. ಒಂದು ಮಾದರಿ ಹೀಗೆ:

– ಸಂಘರ್ಷ ನಡೆದ ಅವಧಿಗೆ ಬಡ್ಡಿ ಇಲ್ಲ. ಅಸಲು ಮಾತ್ರ ಲೆಕ್ಕ.
– ಮೊದಲ 6 ತಿಂಗಳು ವಸೂಲಿ ಇಲ್ಲ. ಆಮೇಲೆ 12 ರಿಂದ 24 ಕಂತು.
– ಪುಸ್ತಕ ಸುಟ್ಟಿದ್ದರೆ ಸಾಲ ಕೊಟ್ಟವರು, ಪಡೆದವರು ಇಬ್ಬರೂ ತಮ್ಮ ಲೆಕ್ಕವನ್ನು ಬೇರೆ ಬೇರೆ ಹಾಳೆಯಲ್ಲಿ ಬರೆದು ವರ್ತಕರ ಜಂಟಿ ಸಮಿತಿಗೆ (6ನೇ ಭಾಗ ನೋಡಿ) ಕೊಡಬೇಕು. ವ್ಯತ್ಯಾಸ ಚಿಕ್ಕದಾದರೆ ನಡುವಿನ ಮೊತ್ತಕ್ಕೆ ಒಪ್ಪಿಸುವುದು, ದೊಡ್ಡದಾದರೆ ಎರಡೂ ಕಡೆಯಿಂದ ಒಬ್ಬೊಬ್ಬ ಸಾಕ್ಷಿಯನ್ನು ಕೇಳುವುದು.
– ಸಾಲಗಾರ ಸತ್ತಿದ್ದರೆ ಹೆಂಡತಿ ಮಕ್ಕಳ ಮೇಲೆ ಸಾಲ ಹೇರುವುದಿಲ್ಲ.

ಕೊನೆಯ ನಿಯಮಕ್ಕೆ ಕೆಲವರು ಒಪ್ಪದಿರಬಹುದು. ಆದರೂ ಬಿಡಬೇಡಿ. ವಿಧವೆಯ ಮನೆಗೆ ವಸೂಲಿಗೆ ಹೋದ ಒಂದೇ ಸುದ್ದಿ ಇಡೀ ಬಜಾರಿನ ಮೇಲಿನ ಭರವಸೆ ಕೆಡಿಸುತ್ತದೆ.

ಹೊಸ ಉದ್ದರಿಯನ್ನು ಚಿಕ್ಕ ಮೊತ್ತದಿಂದ, ಚಿಕ್ಕ ಗಡುವಿನಿಂದ ಶುರು ಮಾಡಿ. ಮೊದಲು ಒಂದು ವಾರದ ಸರಕಿನ ಬೆಲೆಯಷ್ಟು, 7 ದಿನಕ್ಕೆ. ಸತತ ನಾಲ್ಕು ಸಲ ಹೊತ್ತಿಗೆ ಸರಿಯಾಗಿ ಬಂದರೆ ಎರಡು ವಾರ, ಆಮೇಲೆ ಒಂದು ತಿಂಗಳು. ಈ ಮೆಟ್ಟಿಲು ಎಲ್ಲ ಗಿರಾಕಿಗಳಿಗೂ ಒಂದೇ ಇರಬೇಕು. ನಮ್ಮವರಿಗೆ ತಿಂಗಳು, ಅವರಿಗೆ ವಾರ ಎಂದಾದರೆ ಅದು ಬಹಳ ದಿನ ಗುಟ್ಟಾಗಿ ಉಳಿಯುವುದಿಲ್ಲ.

ಬ್ಯಾಂಕು ಇಲ್ಲದ ಕಡೆ ಉಳಿತಾಯ ಗುಂಪು ನೆರವಾಗುತ್ತದೆ. ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ 1991ರಲ್ಲಿ ನೈಜರ್ ದೇಶದಲ್ಲಿ ಶುರು ಮಾಡಿದ ಮಾದರಿ ಈಗ ಅನೇಕ ದೇಶಗಳಲ್ಲಿದೆ. ಒಂದು ಗುಂಪಿನಲ್ಲಿ 15 ರಿಂದ 25 ಜನ. ವಾರಕ್ಕೊಮ್ಮೆ ಸಭೆ, ಎಲ್ಲರ ಕಣ್ಣೆದುರೇ ಹಣ ಎಣಿಕೆ, ಅದರಿಂದಲೇ ಸದಸ್ಯರಿಗೆ ಸಾಲ, ಸುಮಾರು ಒಂದು ವರ್ಷಕ್ಕೆ ಎಲ್ಲ ಹಣ ಪಾಲು ಹಂಚಿ ಹೊಸ ಸುತ್ತು. ಹಣದ ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿ ಮೂವರು ಬೇರೆ ಬೇರೆ ಸದಸ್ಯರ ಹತ್ತಿರ. ಪೆಟ್ಟಿಗೆ ಇನ್ನೊಬ್ಬರ ಮನೆಯಲ್ಲಿ. ಸಂಘರ್ಷದ ಊರಿನಲ್ಲಿ ಈ ಕೀಲಿಗಳನ್ನು ಬೇರೆ ಬೇರೆ ಸಮುದಾಯದವರಿಗೆ ಹಂಚಿದರೆ, ಹಣ ತೆಗೆಯಬೇಕೆಂದರೆ ಎಲ್ಲರೂ ಬಂದು ಕೂರಲೇಬೇಕು. ಆದರೆ ಮೊದಲ ದಿನವೇ ಮಿಶ್ರ ಗುಂಪು ಮಾಡಲು ಹೋಗಬೇಡಿ. ಗಾಯ ಹಸಿಯಾಗಿದ್ದಾಗ ತಮ್ಮ ತಮ್ಮವರ ಗುಂಪಿನಲ್ಲೇ ಮೊದಲ ಸುತ್ತು ಮುಗಿಸಿ, ಎರಡನೇ ಸುತ್ತಿಗೆ ಒಂದೇ ಕಸುಬಿನವರನ್ನು ಕೂಡಿಸಿ ಮಿಶ್ರ ಗುಂಪು ಮಾಡುವುದು ಹೆಚ್ಚು ಬಾಳುತ್ತದೆ.

4. ಖರೀದಿಯನ್ನು ಮತ್ತೆ ಎರಡೂ ಕಡೆಗೆ ತಿರುಗಿಸುವುದು

ಒಂದೇ ಸರಕಿನಿಂದ ಶುರು ಮಾಡಿ. ಆ ಸರಕಿಗೆ ಎರಡು ಗುಣ ಇರಬೇಕು: ಆ ಕಡೆಯವರಲ್ಲಿ ಹೆಚ್ಚಿಗೆ ಇದ್ದು ನಿಮ್ಮಲ್ಲಿ ಕೊರತೆ ಇರಬೇಕು, ಬೇಗ ಕೆಡಬಾರದು. ಬೇಗ ಕೆಡುವ ಸರಕು ಚೆಕ್‌ಪೋಸ್ಟಿನಲ್ಲಿ ನಾಲ್ಕು ತಾಸು ನಿಂತರೆ ಯಾರ ತಪ್ಪಿಲ್ಲದೆಯೂ ಜಗಳ ಹುಟ್ಟುತ್ತದೆ. ಧಾನ್ಯ, ಇಟ್ಟಿಗೆ, ಮರಮುಟ್ಟು, ಬಟ್ಟೆ ಮೊದಲು, ಹಾಲು ತರಕಾರಿ ಆಮೇಲೆ.

ಕೈ ಬದಲಾಯಿಸುವ ಜಾಗವನ್ನು ಎರಡೂ ಕಡೆಯವರು ಹೆದರದೆ ಬರುವಲ್ಲಿ ಗೊತ್ತು ಮಾಡಿ. ತೂಕದ ಯಂತ್ರವನ್ನು ಇಬ್ಬರೂ ಪರೀಕ್ಷಿಸಲಿ. ತೂಕ, ತೇವ, ದರ ಬರೆದ ರಸೀದಿ ಎರಡು ಪ್ರತಿ ಇರಲಿ, ಎರಡೂ ಭಾಷೆ ಅಥವಾ ಲಿಪಿಯಲ್ಲಿರಲಿ. ಹಣ ಸ್ಥಳದಲ್ಲೇ ಸಂದಾಯವಾಗಲಿ. ಹಳೆಯ ನಂಬಿಕೆ ಇದ್ದಾಗ ತೂಕದಲ್ಲಿ ಒಂದು ಕಿಲೊ ವ್ಯತ್ಯಾಸವನ್ನು ‘ಇರಲಿ ಬಿಡಿ’ ಎನ್ನುತ್ತಾರೆ. ಈಗ ಅದೇ ಒಂದು ಕಿಲೊ ‘ಅವರು ಮೋಸ ಮಾಡುವ ಜನ’ ಎಂಬುದಕ್ಕೆ ಸಾಕ್ಷಿಯಾಗುತ್ತದೆ.

ಗುರಿ ಮಿತವಾಗಿರಲಿ. ಮೇಲಿನ ಉದಾಹರಣೆಯ ವ್ಯಾಪಾರಿ ಆರು ತಿಂಗಳಲ್ಲಿ 4ರಿಂದ 12ಕ್ಕೋ 15ಕ್ಕೋ ಬಂದರೆ ಚೆನ್ನಾಗಿ ನಡೆದಂತೆ. ಮತ್ತೆ 35 ಮುಟ್ಟಲು ವರ್ಷಗಳು ಬೇಕು.

ಗಡಿ ಬಿದ್ದ ಜಾಗದಲ್ಲಿ ಕಾಗದಪತ್ರವೇ ದೊಡ್ಡ ತಡೆ. ಗ್ರೀಕ್ ಮತ್ತು ಟರ್ಕಿಶ್ ಸೈಪ್ರಿಯಟರ ನಡುವೆ ಎರಡಾಗಿ ಒಡೆದ ಸೈಪ್ರಸ್ ದ್ವೀಪದಲ್ಲಿ ಇದಕ್ಕೆ ಕಂಡುಕೊಂಡ ದಾರಿ ಗಮನಿಸಬೇಕಾದದ್ದು. ಉತ್ತರ ಭಾಗದ ಆಡಳಿತವನ್ನು ಐರೋಪ್ಯ ಒಕ್ಕೂಟ ಮಾನ್ಯ ಮಾಡುವುದಿಲ್ಲ, ಹಾಗಾಗಿ ಅದರ ಮೊಹರೂ ನಡೆಯುವುದಿಲ್ಲ. ಎರಡು ಭಾಗಗಳ ನಡುವಿನ ಗೆರೆಯಾದ ಗ್ರೀನ್ ಲೈನ್ ದಾಟುವ ಸರಕಿಗೆ ಒಕ್ಕೂಟ 2004ರಲ್ಲಿ ಮಾಡಿದ ನಿಯಮದಡಿ ಸರಕಿನ ಜತೆ ಹೋಗುವ ದಾಖಲೆ ಕೊಡುವ ಅಧಿಕಾರವನ್ನು ಟರ್ಕಿಶ್ ಸೈಪ್ರಿಯಟ್ ವಾಣಿಜ್ಯ ಮಂಡಳಿಗೆ ಕೊಡಲಾಯಿತು. ಎರಡು ಆಡಳಿತಗಳು ಒಂದರ ಸಹಿಯನ್ನು ಇನ್ನೊಂದು ಒಪ್ಪದ ಕಡೆ ವರ್ತಕರ ಸಂಘದ ಸಹಿ ಓಡಿತು. ನಿಮ್ಮಲ್ಲೂ ಸರಕಿನ ಮೂಲಪತ್ರ, ತೂಕದ ಚೀಟಿ, ಲಾರಿಯ ಪಾಸು ಇವುಗಳಲ್ಲಿ ಯಾವುದನ್ನು ಸಂಘವೇ ಕೊಡಬಹುದು ಎಂದು ಅಧಿಕಾರಿಗಳ ಜತೆ ಮಾತಾಡಿ ನೋಡಿ.

5. ಕೆಲಸಕ್ಕೆ ಯಾರನ್ನು ತೆಗೆದುಕೊಳ್ಳುವುದು

ನೇಮಕದಲ್ಲಿ ಪಕ್ಷಪಾತ ಸಾಮಾನ್ಯವಾಗಿ ದುರುದ್ದೇಶದಿಂದ ಆಗುವುದಿಲ್ಲ. ‘ನಿನಗೆ ಗೊತ್ತಿರುವ ಹುಡುಗ ಯಾರಾದರೂ ಇದ್ದರೆ ಕರೆದುಕೊಂಡು ಬಾ’ ಎಂದು ಮೇಸ್ತ್ರಿಗೆ ಹೇಳಿದರೆ ಸಾಕು, ಬರುವವರೆಲ್ಲ ಒಂದೇ ಕೇರಿಯವರು. ಅದನ್ನು ನಿಲ್ಲಿಸಿ. ಕೆಲಸ ಖಾಲಿ ಇರುವ ಚೀಟಿಯನ್ನು ಎರಡೂ ಕಡೆಯ ಬಸ್ ನಿಲ್ದಾಣ, ಪ್ರಾರ್ಥನಾ ಮಂದಿರ, ಶಾಲೆಗಳ ಬಳಿ ಒಂದೇ ದಿನ ಅಂಟಿಸಿ, ಕನಿಷ್ಠ 10 ದಿನ ಗಡುವು ಕೊಡಿ. ಸಂದರ್ಶನಕ್ಕೆ ಇಬ್ಬರು ಕೂರಲಿ, ಇಬ್ಬರೂ ಒಂದೇ ಸಮುದಾಯದವರು ಬೇಡ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಅಂಕ ಬರೆದಿಡಿ.

ಇದನ್ನು ಬಹಳ ಗಂಭೀರವಾಗಿ ಮಾಡಿದ ಕಡೆ ಎಂದರೆ ಪ್ರಾಟೆಸ್ಟೆಂಟ್, ಕ್ಯಾಥೊಲಿಕ್ ಸಮುದಾಯಗಳ ನಡುವೆ ಸಂಘರ್ಷ ನಡೆದ ಉತ್ತರ ಐರ್ಲೆಂಡ್. 1989ರ ನ್ಯಾಯಯುತ ಉದ್ಯೋಗ ಕಾನೂನು, ಆಮೇಲೆ ಅದರ ಜಾಗಕ್ಕೆ ಬಂದ 1998ರ ಆದೇಶ ಮಾಲೀಕರ ಮೇಲೆ ಸ್ಪಷ್ಟ ಹೊಣೆ ಹೊರಿಸಿದವು. ಪೂರ್ಣಾವಧಿಯ 10ಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ ನೋಂದಣಿ ಮಾಡಿಸಬೇಕು. ತನ್ನಲ್ಲಿ ಪ್ರಾಟೆಸ್ಟೆಂಟರು ಎಷ್ಟು, ಕ್ಯಾಥೊಲಿಕರು ಎಷ್ಟು ಎಂಬ ಲೆಕ್ಕವನ್ನು ಪ್ರತಿವರ್ಷ ಕೊಡಬೇಕು. 3 ವರ್ಷಕ್ಕೊಮ್ಮೆ ನೇಮಕ, ತರಬೇತಿ, ಬಡ್ತಿ ನ್ಯಾಯವಾಗಿ ನಡೆದಿದೆಯೇ ಎಂದು ಪರಿಶೀಲಿಸಿಕೊಳ್ಳಬೇಕು. ಕೆಲಸದ ಜಾಗದಲ್ಲಿ ಒಂದು ಬಣದ ಬಾವುಟ, ಲಾಂಛನ ಇನ್ನೊಬ್ಬರನ್ನು ಹೆದರಿಸುವಂತೆ ಇರಕೂಡದು ಎಂಬುದೂ ಅಲ್ಲಿ ಗಟ್ಟಿಯಾಗಿ ಬೇರೂರಿದ ರೂಢಿ. ನಿಮ್ಮ ದೇಶದಲ್ಲಿ ಇಂಥ ಕಾನೂನು ಇಲ್ಲದಿದ್ದರೂ ವರ್ಷಕ್ಕೊಮ್ಮೆ ನೀವೇ ಲೆಕ್ಕ ನೋಡಿಕೊಳ್ಳಬಹುದು, ಗೋಡೆಯ ಮೇಲಿನ ಪಟ, ಕ್ಯಾಲೆಂಡರ್, ರೇಡಿಯೊದಲ್ಲಿ ಹಾಕುವ ಹಾಡು ಇವುಗಳನ್ನು ಇಂದೇ ಸರಿಮಾಡಬಹುದು.

ಆಯುಧ ಕೆಳಗಿಟ್ಟವರಿಗೆ ಕೆಲಸ ಕೊಡುವುದು ಬೇಕೇ ಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2017ರ 205ನೇ ಶಿಫಾರಸು ಕೂಡ ಉದ್ಯೋಗವನ್ನು ಶಾಂತಿಯ ಆಧಾರವಾಗಿ ನೋಡುತ್ತದೆ. ಆದರೆ ಇಲ್ಲಿ ತಪ್ಪುವುದು ಸುಲಭ. ಒಂದೇ ತುಕಡಿಯ ಹತ್ತು ಜನರನ್ನು ಒಂದೇ ಪಾಳಿಗೆ ಹಾಕಿದರೆ ಹಳೆಯ ನಾಯಕನೇ ಅಲ್ಲಿ ಮೇಸ್ತ್ರಿಯಾಗುತ್ತಾನೆ, ನಿಮ್ಮ ಮಾತು ನಡೆಯುವುದಿಲ್ಲ. 10 ಜನರ ಪಾಳಿಗೆ ಇಬ್ಬರೋ ಮೂವರೋ ಇರಲಿ, ಬೇರೆ ಬೇರೆ ತುಕಡಿಯವರಾಗಿರಲಿ. ಕಾವಲು ಕೆಲಸಕ್ಕಂತೂ ಹಾಕಲೇಬೇಡಿ. ಅದು ಅವರಿಗೆ ಗೊತ್ತಿರುವ ಕೆಲಸ ನಿಜ, ಆದರೆ ಬಂದೂಕಿನ ಬದುಕನ್ನೇ ಮುಂದುವರಿಸಿದಂತಾಗುತ್ತದೆ. ವೆಲ್ಡಿಂಗ್, ಗಾರೆ, ಚಾಲನೆ, ಯಂತ್ರ ರಿಪೇರಿ ಕಲಿಸಿ, ಕಲಿಕೆಯ ತಿಂಗಳುಗಳಿಗೂ ಸಂಬಳ ಕೊಡಿ.

ಜತೆಗೇ, ಅವರಿಗೆ ತೆರೆದ ಪ್ರತಿಯೊಂದು ಕೆಲಸಕ್ಕೂ ಸಮನಾಗಿ ಸಂತ್ರಸ್ತ ಕುಟುಂಬದವರಿಗೆ, ಮುಖ್ಯವಾಗಿ ಗಂಡನನ್ನು ಕಳೆದುಕೊಂಡ ಹೆಂಗಸರಿಗೆ, ಒಂದು ಕೆಲಸ ತೆರೆಯಿರಿ. ‘ಬಂದೂಕು ಹಿಡಿದವನಿಗೆ ಸಂಬಳ, ಮಗನನ್ನು ಕಳೆದುಕೊಂಡವಳಿಗೆ ಏನೂ ಇಲ್ಲ’ ಎಂಬ ಮಾತು ಹಬ್ಬಿದರೆ ಅದಕ್ಕೆ ಉತ್ತರವಿರುವುದಿಲ್ಲ. ಯಾರ ಕುಟುಂಬಕ್ಕೆ ಯಾರಿಂದ ಹಾನಿಯಾಗಿತ್ತು ಎಂಬುದನ್ನು ಸಮುದಾಯದ ಹಿರಿಯರಿಂದ ಸದ್ದಿಲ್ಲದೆ ತಿಳಿದುಕೊಳ್ಳದೆ ಪಾಳಿ ಹಂಚಬೇಡಿ.

6. ಜಂಟಿ ವರ್ತಕ ಸಮಿತಿ

ಒಂಟಿ ಅಂಗಡಿಯವರು ಈ ಹೆಜ್ಜೆಗಳನ್ನು ಇಟ್ಟರೆ ‘ದ್ರೋಹಿ’ ಎನ್ನಿಸಿಕೊಳ್ಳುವ ಅಪಾಯ ಇದ್ದೇ ಇದೆ. ಇಪ್ಪತ್ತು ಅಂಗಡಿಯವರು ಒಟ್ಟಿಗೆ ಇಟ್ಟರೆ ಆ ಮಾತಿಗೆ ಬಲ ಇರುವುದಿಲ್ಲ. ಸಮಿತಿಯ ಕೆಲಸವೇ ಈ ರಕ್ಷಣೆ.

7 ರಿಂದ 11 ಜನ ಸಾಕು. ದೊಡ್ಡ ಸಗಟು ವ್ಯಾಪಾರಿಗಳೇ ತುಂಬಿಕೊಳ್ಳದಂತೆ ಬೀದಿ ವ್ಯಾಪಾರಿ, ಲಾರಿ ಮಾಲೀಕ, ಹಮಾಲರ ಪ್ರತಿನಿಧಿ, ಸಂತೆಯಲ್ಲಿ ಮಾರುವ ಹೆಂಗಸರು ಇರಲೇಬೇಕು. ಅಧ್ಯಕ್ಷತೆ 3 ತಿಂಗಳಿಗೊಮ್ಮೆ ಕಡೆ ಬದಲಾಗಲಿ. ಖಾತೆಗೆ ಎರಡೂ ಕಡೆಯಿಂದ ಒಬ್ಬೊಬ್ಬರ ಸಹಿ. ಚುನಾವಣೆಗೆ ನಿಲ್ಲುವವರು ಮೊದಲು ರಾಜೀನಾಮೆ ಕೊಡಬೇಕು. ಸಭೆಯ ವಿಷಯಗಳು ಬಜಾರಿನದೇ ಆಗಿರಲಿ: ದೀಪ, ಚರಂಡಿ, ಲಾರಿ ನಿಲ್ದಾಣ, ತೂಕ, ಸಂತೆಯ ಸಮಯ. ಯುದ್ಧ ಶುರು ಮಾಡಿದ್ದು ಯಾರು ಎಂಬ ಚರ್ಚೆಯನ್ನು ಈ ಮೇಜಿಗೆ ತರಬೇಡಿ. ಅದಕ್ಕೆ ಬೇರೆ ಜಾಗ, ಬೇರೆ ಜನ ಬೇಕು.

ಸಮಿತಿಯ ಮೊದಲ ಕೆಲಸ ಗಾಳಿಸುದ್ದಿ ತಡೆ. ಎರಡೂ ಕಡೆಯ ಇಬ್ಬಿಬ್ಬರ ಫೋನ್ ನಂಬರ್ ಇರುವ ಒಂದು ಪಟ್ಟಿ ಮಾಡಿ. ‘ಅಲ್ಲಿ ಹೊಡೆದರಂತೆ’ ಎಂಬ ಸುದ್ದಿ ಬಂದ ಕೂಡಲೇ ಆ ಜಾಗಕ್ಕೆ ಹತ್ತಿರವಿರುವ ಸದಸ್ಯರಿಗೆ ಫೋನ್ ಹೋಗಬೇಕು, ಅವರು ಕಣ್ಣಾರೆ ನೋಡಿ ಅರ್ಧ ತಾಸಿನೊಳಗೆ ಹೇಳಬೇಕು. ಅಲ್ಲಿಯವರೆಗೆ ಯಾರೂ ಶಟರ್ ಎಳೆಯಕೂಡದು. ಒಂದು ಕಡೆಯ ಅಂಗಡಿಗಳು ಮಾತ್ರ ದಢದಢನೆ ಮುಚ್ಚಿದರೆ ಸುದ್ದಿ ಸುಳ್ಳಾದರೂ ಜನ ನಿಜವೆಂದೇ ನಂಬುತ್ತಾರೆ. ಮುಚ್ಚಲೇಬೇಕಾದರೆ ಇಡೀ ಬಜಾರು ಒಟ್ಟಿಗೆ ಮುಚ್ಚಲಿ, ಒಟ್ಟಿಗೆ ತೆರೆಯಲಿ. ದೊಡ್ಡ ಕಂಪನಿಗಳಿಗೂ ಇಲ್ಲಿ ಪಾಲಿದೆ. ಕೀನ್ಯಾದಲ್ಲಿ 2007ರ ಡಿಸೆಂಬರ್ ಚುನಾವಣೆಯ ನಂತರದ ಹಿಂಸೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ದ್ವೇಷದ ಎಸ್ಸೆಮ್ಮೆಸ್‌ಗಳೂ ಬೆಂಕಿಗೆ ತುಪ್ಪ ಸುರಿದಿದ್ದವು. 2013ರ ಚುನಾವಣೆಗೆ ಮುಂಚೆ ಸಫಾರಿಕಾಮ್ ಎಂಬ ಮೊಬೈಲ್ ಕಂಪನಿ ರಾಜಕೀಯದ ಸಾಮೂಹಿಕ ಸಂದೇಶಗಳಿಗೆ ನಿಯಮ ಮಾಡಿತು. ಖಾಸಗಿ ಉದ್ಯಮಗಳ ಒಕ್ಕೂಟವಾದ ಕೆಪ್ಸಾ ‘ಮ್ಕೆನ್ಯಾ ದೈಮಾ’ (ಎಂದೆಂದೂ ಕೀನ್ಯಾದವರು) ಹೆಸರಿನಲ್ಲಿ ಶಾಂತಿ ಪ್ರಚಾರ ನಡೆಸಿತು.

7. ಹಫ್ತಾ ಕೇಳಲು ಬಂದಾಗ

ಇಲ್ಲಿ ಸುಲಭದ ಉತ್ತರವಿಲ್ಲ. ಕೊಡದಿದ್ದರೆ ಅಂಗಡಿ ಸುಡುತ್ತಾರೆ, ಕೊಟ್ಟರೆ ಆ ಹಣ ಮತ್ತೆ ಮದ್ದುಗುಂಡಾಗುತ್ತದೆ. ಕಾನೂನೂ ಬಿಡುವುದಿಲ್ಲ. ಕೊಲಂಬಿಯಾದ ಎಯುಸಿ ಅರೆಸೈನಿಕ ಗುಂಪಿಗೆ ಹಣ ಕೊಟ್ಟಿದ್ದಕ್ಕೆ ಬಾಳೆಹಣ್ಣಿನ ಕಂಪನಿ ಚಿಕೀಟಾ 2007ರಲ್ಲಿ ಅಮೆರಿಕದ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು 2.5 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು. ನೌಕರರ ಜೀವ ಉಳಿಸಲು ಕೊಟ್ಟೆವು ಎಂಬ ವಾದ ಅದನ್ನು ಉಳಿಸಲಿಲ್ಲ.

ಮಾಡಬಹುದಾದದ್ದು ಇಷ್ಟು. ಒಬ್ಬೊಬ್ಬರೇ ಉತ್ತರ ಕೊಡಬೇಡಿ, ‘ಸಂಘದಲ್ಲಿ ತೀರ್ಮಾನವಾಗಬೇಕು’ ಎಂದು ಹೇಳಿ ಸಮಯ ಪಡೆಯಿರಿ. ಯಾರು, ಎಂದು, ಎಷ್ಟು ಕೇಳಿದರು ಎಂಬುದನ್ನು ಊರ ಹೊರಗಿನ ಸುರಕ್ಷಿತ ಜಾಗದಲ್ಲಿ ದಾಖಲಿಸಿ. ಗಲ್ಲಾದಲ್ಲಿ ಒಂದು ದಿನದ ನಗದಿಗಿಂತ ಹೆಚ್ಚು ಇಡಬೇಡಿ. ಕೇಳುವ ಗುಂಪಿನ ಮೇಲೆ ಪ್ರಭಾವವಿರುವ ಧರ್ಮಗುರು, ಹಿರಿಯರು, ಸಂಧಾನಕಾರರ ಮೂಲಕ ಎರಡೂ ಕಡೆಯ ವರ್ತಕರು ಜತೆಯಾಗಿ ಮಾತು ಕಳಿಸಿ. ಕದನವಿರಾಮದ ಉಸ್ತುವಾರಿ ತಂಡವಿದ್ದರೆ ವಸೂಲಿಯನ್ನು ಉಲ್ಲಂಘನೆ ಎಂದೇ ವರದಿ ಮಾಡಿ. ಜೀವ ಅಪಾಯದಲ್ಲಿದ್ದರೆ ವ್ಯಾಪಾರ ಬಿಟ್ಟು ಹೊರಡಿ.

8. ಸಂಧಾನದ ಮೇಜಿನಲ್ಲಿ ಉದ್ಯಮದ ಮಾತು

ದಕ್ಷಿಣ ಆಫ್ರಿಕಾದಲ್ಲಿ ಉದ್ಯಮಿಗಳೂ ಚರ್ಚಿನವರೂ ಸೇರಿ ಪಕ್ಷಗಳನ್ನು ಕೂಡಿಸಿದ್ದರಿಂದ 1991ರ ಸೆಪ್ಟೆಂಬರ್ 14ರ ರಾಷ್ಟ್ರೀಯ ಶಾಂತಿ ಒಪ್ಪಂದ ಸಾಧ್ಯವಾಯಿತು. ಅದರಡಿ ಊರೂರಿನಲ್ಲಿ ಶಾಂತಿ ಸಮಿತಿಗಳಾದವು. ಟ್ಯುನೀಶಿಯಾದಲ್ಲಿ 2013ರ ರಾಜಕೀಯ ಬಿಕ್ಕಟ್ಟಿನ ಹೊತ್ತಿಗೆ ಮಾಲೀಕರ ಒಕ್ಕೂಟ ಯುಟಿಕಾ, ಕಾರ್ಮಿಕರ ಒಕ್ಕೂಟ ಯುಜಿಟಿಟಿ, ಮಾನವ ಹಕ್ಕುಗಳ ಸಂಘ, ವಕೀಲರ ಸಂಘ ನಾಲ್ಕೂ ಒಂದಾಗಿ ಪಕ್ಷಗಳನ್ನು ಮಾತುಕತೆಗೆ ಕೂರಿಸಿದವು. ಆ ನಾಲ್ವರ ಕೂಟಕ್ಕೆ 2015ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಸಂಬಳದ ವಿಷಯದಲ್ಲಿ ಎದುರುಬದುರು ನಿಲ್ಲುವ ಮಾಲೀಕರೂ ಕಾರ್ಮಿಕರೂ ಒಂದೇ ಕಡೆ ಕೂತದ್ದೇ ಅವರ ಮಾತಿನ ತೂಕ ಹೆಚ್ಚಿಸಿತು.

ಊರಿನ ಮಟ್ಟದಲ್ಲಿ ನೀವು ಹೇಳಬಹುದಾದ ಮಾತು ಲೆಕ್ಕದ ಮಾತು. 1994ರಲ್ಲಿ ಉತ್ತರ ಐರ್ಲೆಂಡಿನ ಕೈಗಾರಿಕಾ ಒಕ್ಕೂಟ, ಭದ್ರತೆಗೆ ಸುರಿಯುವ ಹಣ ಶಿಕ್ಷಣಕ್ಕೂ ರಸ್ತೆಗೂ ಬಂದರೆ ಏನಾಗಬಹುದು ಎಂದು ಬರೆದು ಮುಂದಿಟ್ಟಿತು. ನೀವೂ ಒಂದು ಪುಟದಲ್ಲಿ ಬರೆಯಬಹುದು: ಸಂಜೆ 5ಕ್ಕೆ ಬಜಾರು ಮುಚ್ಚುವುದರಿಂದ ಎಷ್ಟು ವ್ಯಾಪಾರ ಹೋಗುತ್ತಿದೆ, ಸುತ್ತು ದಾರಿಯಿಂದ ಲಾರಿಗೆ ಎಷ್ಟು ಹೆಚ್ಚುವರಿ ಡೀಸೆಲ್, ವಿಮೆ ಎಷ್ಟು ಏರಿದೆ, ಎಷ್ಟು ಕೆಲಸ ಹೋಯಿತು. ಯಾರ ಪರ ಯಾರ ವಿರುದ್ಧ ಎಂಬ ಒಂದು ವಾಕ್ಯವೂ ಅದರಲ್ಲಿ ಬೇಡ.

9. ಹೊರಗಿನಿಂದ ಹಣ ಬಂದಾಗ

ನೆರವಿನ ಸಂಸ್ಥೆಗಳು, ಪುನರ್ನಿರ್ಮಾಣದ ಗುತ್ತಿಗೆಗಳು ಬಂದಾಗ ಊರಿಗೆ ಒಂದೆರಡು ವರ್ಷ ಹಣ ಹರಿಯುತ್ತದೆ. ಈ ಹಂತದಲ್ಲಿ ಹೊಸ ಅಸಮಾನತೆ ಹುಟ್ಟುತ್ತದೆ, ಏಕೆಂದರೆ ಇಂಗ್ಲಿಷ್ ಬಲ್ಲ, ಬ್ಯಾಂಕ್ ಗ್ಯಾರಂಟಿ ಕೊಡಬಲ್ಲ ಒಂದಿಬ್ಬರಿಗೇ ಎಲ್ಲ ಹೋಗುತ್ತದೆ. ವರ್ತಕ ಸಮಿತಿ ಮೂರು ಬೇಡಿಕೆ ಇಡಬೇಕು: ದೊಡ್ಡ ಟೆಂಡರನ್ನು ಸಣ್ಣ ತುಂಡುಗಳಾಗಿ ಒಡೆಯಬೇಕು, ಪ್ರಕಟಣೆ ಎಲ್ಲ ಸ್ಥಳೀಯ ಭಾಷೆಗಳಲ್ಲಿ ಇರಬೇಕು, ಕೆಲಸ ಮುಗಿದ 15 ದಿನದೊಳಗೆ ಹಣ ಕೊಡಬೇಕು. ಮೂರನೆಯದನ್ನು ಬಿಡಬೇಡಿ. ಮೂರು ತಿಂಗಳು ಹಣ ಕಾಯುವ ಶಕ್ತಿ ಸಣ್ಣವರಿಗಿಲ್ಲ, ಅವರು ಟೆಂಡರನ್ನೇ ಹಾಕುವುದಿಲ್ಲ.

ಬಜಾರು ಮತ್ತೆ ತೆರೆದ ಮೇಲೂ ಉಚಿತ ಧಾನ್ಯ ಹಂಚುತ್ತಿದ್ದರೆ ರೈತರೂ ವ್ಯಾಪಾರಿಗಳೂ ಮುಳುಗುತ್ತಾರೆ. ಸರಕು ಸಿಗುತ್ತಿದೆ, ದರ ನಿಂತಿದೆ ಎಂಬ ದರಪಟ್ಟಿಯನ್ನು ವಾರವಾರ ಸಂಸ್ಥೆಗಳಿಗೆ ಕೊಟ್ಟು, ಧಾನ್ಯದ ಬದಲು ನಗದು ಅಥವಾ ಕೂಪನ್ ಕೊಡುವಂತೆ ಕೇಳಿ. ಸಂಸ್ಥೆಗಳು ಕೆಲಸ ಮಾಡಿಸಿ ನಗದು ಕೊಡುವ ಯೋಜನೆಯ ದಿನಗೂಲಿ ಊರಿನ ದರಕ್ಕಿಂತ ಹೆಚ್ಚಾದರೆ ಹೊಲದ ಕೆಲಸಕ್ಕೆ ಆಳು ಸಿಗುವುದಿಲ್ಲ, ಅದನ್ನೂ ಮೊದಲೇ ಹೇಳಿ. ಸರ್ಕಾರದ ತೆರಿಗೆ ವ್ಯವಸ್ಥೆಯೂ ನೆರವಾಗಬಲ್ಲದು. ಕೊಲಂಬಿಯಾದಲ್ಲಿ 2016ರ ಶಾಂತಿ ಒಪ್ಪಂದದ ನಂತರ ಕಂಪನಿಗಳು ಆದಾಯ ತೆರಿಗೆಯ ಒಂದು ಭಾಗಕ್ಕೆ ಬದಲಾಗಿ ಸಂಘರ್ಷಪೀಡಿತ ಪ್ರದೇಶಗಳಲ್ಲಿ ರಸ್ತೆ, ನೀರು, ಶಾಲೆಯ ಕಾಮಗಾರಿ ಮಾಡಿಸಲು ಅವಕಾಶವಾಯಿತು.

10. ನಡೆಯುತ್ತಿದೆಯೇ ಎಂದು ತಿಳಿಯುವುದು

ತಿಂಗಳಿಗೊಮ್ಮೆ, ಪ್ರತಿ ಸಲವೂ ವಾರದ ಅದೇ ದಿನ, ಐದು ಅಂಕಿ ಬರೆಯಿರಿ: ಬಜಾರು ಮುಚ್ಚುವ ಹೊತ್ತು, ಸಂತೆಗೆ ಬಂದ ಮಾರಾಟಗಾರರಲ್ಲಿ ಎರಡೂ ಕಡೆಯವರ ಸಂಖ್ಯೆ, ಆ ಕಡೆಯ ಎಷ್ಟು ಗಿರಾಕಿಗಳಿಗೆ ಉದ್ದರಿ ಇದೆ, ಒಂದೇ ಸರಕಿಗೆ ಎರಡು ಬಡಾವಣೆಗಳಲ್ಲಿ ದರದ ವ್ಯತ್ಯಾಸ, ಕತ್ತಲಾದ ಮೇಲೆ ಬರುವ ಹೆಂಗಸರ ಸಂಖ್ಯೆ. ಮಾರಾಟ ಏರಿದ್ದನ್ನಷ್ಟೇ ನೋಡಿದರೆ ಮೋಸ ಹೋಗುತ್ತೀರಿ, ಏಕೆಂದರೆ ಒಂದೇ ಕಡೆಯವರು ಎರಡರಷ್ಟು ಕೊಂಡರೂ ಮಾರಾಟ ಏರುತ್ತದೆ.

ಅಂಕಿಗಳು ಒಮ್ಮೆಲೇ ಹಿಂದೆ ಸರಿದರೆ, ಉದಾಹರಣೆಗೆ ಆ ಕಡೆಯ ಮಾರಾಟಗಾರರು ಎರಡು ಸಂತೆಗೆ ಬರಲೇ ಇಲ್ಲವೆಂದರೆ, ಸಮಿತಿ ಅದೇ ದಿನ ಸೇರಬೇಕು. ಕಾರಣವನ್ನು ಅವರಿಂದಲೇ, ಅವರ ಜಾಗಕ್ಕೆ ಹೋಗಿ ಕೇಳಬೇಕು. ಅನೇಕ ಸಲ ಅದು ಸಣ್ಣದಿರುತ್ತದೆ: ಹೊಸ ಪೊಲೀಸ್ ಪೇದೆ ಚೀಲ ಬಿಚ್ಚಿಸಿದ, ಬಸ್ಸಿನ ನಿಲ್ದಾಣ ಬದಲಾಯಿತು, ಯಾರೋ ಒಬ್ಬಾಕೆಯ ತಕ್ಕಡಿಯನ್ನು ಒದ್ದರು. ಮುಂದಿನ ಸಂತೆಯೊಳಗೆ ಅದನ್ನು ಸರಿಮಾಡಿ, ಆಕೆಗೆ ಹೊಸ ತಕ್ಕಡಿಯನ್ನು ಸಮಿತಿಯ ಖರ್ಚಿನಲ್ಲಿ ಕೊಡಿಸಿ, ಒದ್ದವರ ಕಡೆಯ ಸದಸ್ಯರೇ ಅದನ್ನು ಆಕೆಯ ಕೈಗೆ ತಲುಪಿಸಲಿ.